ಮಗಳು ಹಾಕಿದ ಅರ್ಜಿ

ನಮ್ಮ ಮನೆಯಲ್ಲಿರುವುದು ನಾಲ್ಕು ಜನ. ಅಮೆರಿಕದ ಕಾನೂನಿನ ಲೆಕ್ಕದಲ್ಲಿ ನಾವು ಬಹಳ ವರ್ಷ ಮೂರು ಜಾತಿಯಾಗಿದ್ದೆವು. ನಾನು, ನಮ್ಮ ಯಜಮಾನರು ವೀಸಾ ಮುಗಿದ ಮೇಲೂ ಇಲ್ಲೇ ಉಳಿದವರು. ಮಗ ಮೂರು ವರ್ಷದವನಿದ್ದಾಗ ನಮ್ಮ ಕೈ ಹಿಡಿದು ಬಂದವನು, ಚಿಕ್ಕಂದಿನಲ್ಲಿ ಬಂದವರನ್ನು ಹೊರಗೆ ಕಳಿಸದೆ ಕೆಲಸಕ್ಕೂ ಬಿಡುವ, ಡಾಕಾ ಎನ್ನುವ ಎರಡೆರಡು ವರ್ಷದ ರಿಯಾಯಿತಿಯ ಮೇಲೆ ದಿನ ದೂಡುತ್ತಿರುವವನು. ಮಗಳು ನ್ಯೂಜೆರ್ಸಿಯಲ್ಲೇ ಹುಟ್ಟಿದ್ದು. ಅವಳಿಗೆ ಯಾವ ಕಾಗದದ ಗೊಡವೆಯೂ ಇರಲಿಲ್ಲ. ಒಂದೇ ತಟ್ಟೆಯಲ್ಲಿ ಮೊಸರನ್ನ ಕಲಸಿ ಇಬ್ಬರಿಗೂ ತುತ್ತು ಕೊಟ್ಟಿದ್ದೇನೆ. ಒಬ್ಬಳು ಪ್ರಜೆ, ಇನ್ನೊಬ್ಬ ಯಾವತ್ತು ಬೇಕಾದರೂ ಹೊರಡಬೇಕಾದವನು.

ನಾವು ಬಂದದ್ದು 2000ದಲ್ಲಿ. ಇವರದು ಕೆಲಸದ ವೀಸಾ ಎಚ್-1ಬಿ, ನನ್ನದು ಮಗನದು ಅವರ ಮನೆಯವರಿಗೆ ಕೊಡುವ ಎಚ್-4. ಅರಸೀಕೆರೆಯ ಕಡೆಯಿಂದ ಎಡಿಸನ್ ಊರಿಗೆ ಬಂದು ಇನ್ನೂ ಸಾಮಾನು ಸರಿಯಾಗಿ ಜೋಡಿಸಿಕೊಂಡಿರಲಿಲ್ಲ, ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಮಗುಚಿಕೊಂಡವು. ಇವರನ್ನು ಕರೆಸಿಕೊಂಡಿದ್ದ ಕನ್ಸಲ್ಟಿಂಗ್ ಕಂಪನಿ ಕೆಲವು ತಿಂಗಳು ಕೆಲಸ ಕೊಡದೆ ಬೆಂಚಿನ ಮೇಲೆ ಕೂರಿಸಿ 2001ರ ಕೊನೆಗೆ ಕೈಬಿಟ್ಟಿತು. ಇನ್ನೊಂದು ಕಂಪನಿಯವರು ‘ಟ್ರಾನ್ಸ್‌ಫರ್ ಹಾಕಿದ್ದೀವಿ, ಬರುತ್ತೆ’ ಅನ್ನುತ್ತಲೇ ಇದ್ದರು. ಹಾಕಿರಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಈಗ ಎಚ್-1ಬಿ ಕೆಲಸ ಹೋದರೆ ಬೇರೆ ದಾರಿ ನೋಡಿಕೊಳ್ಳಲು 60 ದಿನದವರೆಗೆ ಕೊಡುತ್ತಾರೆ. ಆ ನಿಯಮ ಬಂದದ್ದು 2017ರಲ್ಲಿ. ಆಗ ಒಂದು ದಿನದ ಗಡುವೂ ಇರಲಿಲ್ಲ. ನಾನು ಬಸುರಿ, ಊರಿನಲ್ಲಿ ಸಾಲ, ಇಲ್ಲಿ ಬಾಡಿಗೆ. ಕೂತು ತೀರ್ಮಾನ ಮಾಡಿದ್ದೇನಲ್ಲ. ಹೆರಿಗೆ ಆಗಲಿ ಅಂದೆವು, ಮಗುವಿಗೆ ಒಂದು ವರ್ಷ ತುಂಬಲಿ ಅಂದೆವು, ಮಗನ ಶಾಲೆ ಒಂದು ಹಂತಕ್ಕೆ ಬರಲಿ ಅಂದೆವು.

ಅಷ್ಟರಲ್ಲಿ ವಾಪಸ್ ಹೋಗುವ ಬಾಗಿಲೂ ಮುಚ್ಚಿಕೊಂಡಿತು. ಇದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. 1996ರಲ್ಲಿ ಮಾಡಿದ ಕಾನೂನಿನ ಪ್ರಕಾರ, ಅನುಮತಿ ಇಲ್ಲದೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಇದ್ದವರು ದೇಶ ಬಿಟ್ಟು ಹೊರಟರೆ ಹತ್ತು ವರ್ಷ ಒಳಗೆ ಬರುವಂತಿಲ್ಲ. ಇದ್ದಷ್ಟು ದಿನ ಆ ಶಿಕ್ಷೆ ಶುರುವಾಗುವುದಿಲ್ಲ, ಗಡಿ ದಾಟಿದ ಕ್ಷಣ ಶುರು. ಜನ ಬರದಿರಲಿ ಅಂತ ಮಾಡಿದ ಕಾನೂನು, ಇದ್ದವರು ಹೋಗದಂತೆ ಮಾಡಿತು. 2009ರಲ್ಲಿ ನಮ್ಮಪ್ಪ ತೀರಿಕೊಂಡಾಗ ನಾನು ಊರಿಗೆ ಹೋಗಲಿಲ್ಲ. ಹೋಗಿದ್ದರೆ ಮಕ್ಕಳನ್ನು ನೋಡಲು ಹತ್ತು ವರ್ಷ ಕಾಯಬೇಕಿತ್ತು. ಅಮ್ಮನಿಗೆ ಹೇಳಿದ್ದು, ಇವರಿಗೆ ರಜೆ ಸಿಗಲಿಲ್ಲ ಅಂತ.

ಬದುಕು ಹೇಗೋ ನಡೆಯಿತು. ಇವರು ಓಕ್ ಟ್ರೀ ರೋಡಿನ ಸುತ್ತಮುತ್ತ ಅಂಗಡಿಗಳ, ಗ್ಯಾಸ್ ಸ್ಟೇಷನ್‌ಗಳ ಲೆಕ್ಕ ಬರೆದುಕೊಡುತ್ತಿದ್ದರು. ನಾನು ಕೆಲಸಕ್ಕೆ ಹೋಗುವ ನಮ್ಮವರ ಮಕ್ಕಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದೆ. ಪ್ರತಿ ವರ್ಷ ತೆರಿಗೆ ಕಟ್ಟಿದ್ದೇವೆ. ಸೋಶಿಯಲ್ ಸೆಕ್ಯುರಿಟಿ ನಂಬರ್ ಇಲ್ಲದ ನನ್ನಂಥವರಿಗೂ ತೆರಿಗೆ ಇಲಾಖೆ ಒಂದು ನಂಬರ್ ಕೊಡುತ್ತದೆ, 9ರಿಂದ ಶುರುವಾಗುತ್ತದೆ. ಒಂದು ಇಲಾಖೆಗೆ ನಾವು ಬೇಕು, ಇನ್ನೊಂದಕ್ಕೆ ಬೇಡ. ಡ್ರೈವಿಂಗ್ ಲೈಸೆನ್ಸ್ ನವೀಕರಿಸಲು ಆಗದೆ ಇವರು ವರ್ಷಗಟ್ಟಲೆ ಬಸ್ಸು, ರೈಲು, ಇನ್ನೊಬ್ಬರ ಕಾರು ಅಂತ ಓಡಾಡಿದರು. 2021ರಲ್ಲಿ ನ್ಯೂಜೆರ್ಸಿ ನಮ್ಮಂಥವರಿಗೂ ಲೈಸೆನ್ಸ್ ಕೊಡಲು ಶುರುಮಾಡಿದಾಗ, ಐವತ್ತು ದಾಟಿದ ಮನುಷ್ಯ ಹದಿನೇಳರ ಹುಡುಗರ ಜೊತೆ ಪರೀಕ್ಷೆಗೆ ಕೂತು ಬಂದರು.

ಮಗನಿಗೆ ವಿಷಯ ಗೊತ್ತಾದದ್ದು 2012ರಲ್ಲಿ. ಆ ಜೂನ್ 15ರಂದು ಒಬಾಮಾ ಡಾಕಾ ಘೋಷಿಸಿದರು. ಹದಿನಾರು ತುಂಬುವ ಮೊದಲು ಬಂದವರು, 2007ರ ಜೂನ್‌ನಿಂದ ಇಲ್ಲೇ ಇರುವವರು ಅರ್ಜಿ ಹಾಕಬಹುದು, ಆದರೆ ಹದಿನೈದು ತುಂಬಿರಬೇಕು. ಅವನಿಗೆ ಆಗಷ್ಟೇ ತುಂಬಿತ್ತು. ಶಾಲೆಯ ಹಾಜರಿ, ಲಸಿಕೆ ಕಾರ್ಡು, ಲೈಬ್ರರಿ ಕಾರ್ಡು ಎಲ್ಲ ಮೇಜಿನ ಮೇಲೆ ಹರಡಿಕೊಂಡಿದ್ದಾಗ ಅವನು ಕೇಳಿದ: ‘ಅಮ್ಮ, ನಾನು ಇಲ್ಲಿಯವನಲ್ವಾ?’ ಇವರು ಎದ್ದು ಅಡುಗೆಮನೆಗೆ ಹೋದರು. ಹೇಳುವುದು ನನ್ನ ಪಾಲಿಗೆ ಬಂತು. 2013ರ ಕೊನೆಯಲ್ಲಿ ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ಸಹಿ ಹಾಕಿದ ಕಾಯ್ದೆಯಿಂದ ಅವನಂಥವರಿಗೂ ರಾಜ್ಯದ ಮಕ್ಕಳ ಫೀಸಿನಲ್ಲೇ ಓದುವ ಅವಕಾಶ ಸಿಕ್ಕಿತು, ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದ. 2017ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಸರ್ಕಾರ ಡಾಕಾ ನಿಲ್ಲಿಸುತ್ತೇವೆ ಅಂದಿತು. 2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು, ನಿಲ್ಲಿಸಿದ ರೀತಿ ಸರಿಯಿಲ್ಲ ಅಂದಿತು. ನಡುವಿನ ಆ ವರ್ಷಗಳಲ್ಲಿ ಅವನು ಮನೆಯಲ್ಲಿ ಮಾತು ಕಡಿಮೆ ಮಾಡಿಬಿಟ್ಟ.

ಮಗಳಿಗೆ ಗೊತ್ತಾದದ್ದು ಕಾಲೇಜು ಸಹಾಯಧನದ ಫಾರಂ ತುಂಬುವಾಗ. ತಂದೆಯ ನಂಬರ್ ಇತ್ತು. ತಾಯಿಯ ಸೋಶಿಯಲ್ ಸೆಕ್ಯುರಿಟಿ ನಂಬರ್ ಎಂದಿರುವ ಕಡೆ, ಇಲ್ಲದವರು ಒಂಬತ್ತು ಸೊನ್ನೆ ಹಾಕಬೇಕು ಅಂತ ಸೂಚನೆ. ಅವಳು ಒಂದೊಂದೇ ಸೊನ್ನೆ ಒತ್ತಿ, ತಿರುಗಿ ನನ್ನ ಮುಖ ನೋಡಿದಳು. ಅಣ್ಣನ ವಿಷಯ ಅವಳಿಗೆ ಮೊದಲೇ ಅಂದಾಜಿತ್ತಂತೆ, ನಮ್ಮದು ಇರಲಿಲ್ಲ. ಅವತ್ತು ರಾತ್ರಿಯೇ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದು, ‘ನಂಗೆ ಇಪ್ಪತ್ತೊಂದಾದ್ರೆ ನಾನು ನಿಮ್ಮಿಬ್ರಿಗೂ ಗ್ರೀನ್ ಕಾರ್ಡ್‌ಗೆ ಅರ್ಜಿ ಹಾಕಬಹುದು’ ಅಂದಳು. ನಮಗೆ ಅದು ಅವಳು ಹುಟ್ಟಿದಾಗಿನಿಂದ ಗೊತ್ತಿತ್ತು. ಮಗಳ ಮುಂದೆ ಆಡಿರಲಿಲ್ಲ, ಅಷ್ಟೆ. ಅದಕ್ಕೇ ಹೆತ್ತಿದ್ದು ಅಂದುಕೊಂಡರೆ ಅನ್ನುವ ಭಯ ನನಗೆ.

2023ರಲ್ಲಿ ಅವಳಿಗೆ ಇಪ್ಪತ್ತೊಂದು ತುಂಬಿತು. ಕೇಕು ಕತ್ತರಿಸಿದ ವಾರವೇ ವಕೀಲರ ಹತ್ತಿರ ಹೋದೆವು. ಆಕೆ ಹಾಲ್‌ಚಾಲ್ ಕೂಡ ವಿಚಾರಿಸದೆ ಕೇಳಿದ್ದು ಮೂರು ಪ್ರಶ್ನೆ. ವೀಸಾ ಹಿಡಿದು, ಅಧಿಕಾರಿಯ ಮುಂದೆ ನಿಂತು ಒಳಗೆ ಬಂದಿರಾ? ಬಂದ ಮೇಲೆ ಒಮ್ಮೆಯಾದರೂ ಹೊರಗೆ ಹೋಗಿದ್ದೀರಾ? ಎಲ್ಲಿಯಾದರೂ, ಯಾವ ಕಾಗದದಲ್ಲಾದರೂ ‘ನಾನು ಅಮೆರಿಕದ ಪ್ರಜೆ’ ಅಂತ ಹೇಳಿಕೊಂಡಿದ್ದೀರಾ, ವೋಟು ಹಾಕಿದ್ದೀರಾ? ಕೊನೆಯದು ಕೇಳುವಾಗ ಪೆನ್ನು ಕೆಳಗಿಟ್ಟರು. ಪ್ರಜೆಯ ತಂದೆತಾಯಿಗೆ ಕಾನೂನು ಬಹಳಷ್ಟನ್ನು ಮನ್ನಿಸುತ್ತದೆ: ವೀಸಾ ಮೀರಿ ಇದ್ದದ್ದು, ಅನುಮತಿ ಇಲ್ಲದೆ ದುಡಿದದ್ದು. ಸುಳ್ಳು ಪ್ರಜೆತನವನ್ನು ಮಾತ್ರ ಬಿಡುವುದಿಲ್ಲ. ಕೆಲಸಕ್ಕೆ ಸೇರುವಾಗ ತುಂಬುವ ಫಾರಂನಲ್ಲಿ ‘ಪ್ರಜೆ’ ಎಂಬ ಚೌಕಕ್ಕೆ ಗುರುತು ಹಾಕಿದ ಕಾರಣಕ್ಕೇ ಅರ್ಜಿ ಮುಳುಗಿದವರಿದ್ದಾರೆ ಅಂದರು. ಇವರು ಹಾಗೆ ಎಲ್ಲೂ ಹಾಕಿರಲಿಲ್ಲ.

ಗಡಿಯಲ್ಲಿ ಕದ್ದು ಬಂದವರಿಗೆ ಈ ದಾರಿಯೇ ಇಲ್ಲ. ಅವರ ಮಕ್ಕಳಿಗೆ ಇಪ್ಪತ್ತೊಂದಾದರೂ ಅವರು ಇಲ್ಲಿ ಕೂತು ಗ್ರೀನ್ ಕಾರ್ಡ್ ಪಡೆಯುವುದು ಬಹುತೇಕ ಆಗದ ಮಾತು. ನನ್ನ ಜೊತೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮೆಕ್ಸಿಕೋದ ಹೆಂಗಸೊಬ್ಬಳಿದ್ದಾಳೆ, ನನಗಿಂತ ಮೊದಲು ಬಂದವಳು, ನನ್ನ ಎರಡರಷ್ಟು ದುಡಿದವಳು. ನಮಗೂ ಅವಳಿಗೂ ಇರುವ ವ್ಯತ್ಯಾಸ ಒಂದು ಬಿಳಿ ಚೀಟಿ.

ಆ ಚೀಟಿ ಐ-94, ಅಧಿಕಾರಿಯ ಅನುಮತಿಯಿಂದಲೇ ಒಳಗೆ ಬಂದದ್ದಕ್ಕೆ ದಾಖಲೆ. ಬಂದ ದಿನ ಪಾಸ್‌ಪೋರ್ಟಿಗೆ ಸ್ಟೇಪಲ್ ಮಾಡಿಕೊಟ್ಟದ್ದು, ಅಂಗೈಯಷ್ಟಗಲ, ತೆಳ್ಳಗೆ. ನನ್ನದರ ಸ್ಟೇಪಲ್ ಪಿನ್ನು ತುಕ್ಕು ಹಿಡಿದು ಸುತ್ತ ಕಂದು ಕಲೆಯಾಗಿತ್ತು. ಅದರ ಮೇಲಿದ್ದ ಮೊಹರು ಹಳೆಯ ವಲಸೆ ಇಲಾಖೆ ಐಎನ್‌ಎಸ್‌ನದು. ಆ ಇಲಾಖೆಯನ್ನು 2003ರಲ್ಲೇ ಮುಚ್ಚಿ ಮೂರು ಹೊಸ ಇಲಾಖೆ ಮಾಡಿದ್ದಾರೆ. ವಕೀಲರು ಆ ಪಿನ್ನು ತೆಗೆಯಲೂ ಬಿಡದೆ, ಪಾಸ್‌ಪೋರ್ಟ್ ಸಮೇತ ಸ್ಕ್ಯಾನರ್ ಮೇಲೆ ಬೋರಲು ಹಾಕಿದರು. ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ ಅಂದದ್ದಕ್ಕೆ, ‘ಬ್ಯಾಂಕ್ ಲಾಕರ್‌ಗಿಂತ ವಾಸಿ’ ಅಂದರು.

ಜನನ ಪ್ರಮಾಣಪತ್ರದ ಕಥೆ ಬೇರೆ. ನಾನು ಹುಟ್ಟಿದ್ದು ಹಳ್ಳಿಯ ಮನೆಯಲ್ಲಿ, ಯಾವ ಪುಸ್ತಕದಲ್ಲೂ ಬರೆಸಿದವರಿಲ್ಲ. ಇರುವುದು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್ ಒಂದೇ. ಅದು ಸಾಲದು, ಜನನ ನೋಂದಣಿ ಆಗಿಲ್ಲ ಅಂತ ಅಲ್ಲಿಯ ಸರ್ಕಾರವೇ ಬರೆದುಕೊಟ್ಟ ನಾನ್ ಅವೈಲಬಿಲಿಟಿ ಸರ್ಟಿಫಿಕೇಟ್ ಬೇಕು, ಜೊತೆಗೆ ಹುಟ್ಟಿದ್ದು ಗೊತ್ತಿರುವ ಹಿರಿಯರ ಅಫಿಡವಿಟ್. ನನ್ನ ತಮ್ಮ ತಾಲ್ಲೂಕು ಕಚೇರಿಗೆ ಅಲೆದ. ಮೊದಲು ಅವನಿಗೆ ಇದೆಲ್ಲ ಯಾಕೆ ಅನ್ನುವುದೇ ತಿಳಿಯಲಿಲ್ಲ. ಊರಿನಲ್ಲಿ ಎಲ್ಲರೂ ನಮಗೆ ಗ್ರೀನ್ ಕಾರ್ಡ್ ಯಾವಾಗಲೋ ಆಗಿದೆ ಅಂತ ತಿಳಿದುಕೊಂಡಿದ್ದರು.

‘ಇನ್ನೂ ಆಗಿಲ್ವಾ ಅಕ್ಕಾ?’ ಅಂದ.

‘ಇಲ್ಲ ಕಣೋ.’

‘ಮತ್ತೆ ಇಷ್ಟು ವರ್ಷ... ಅಪ್ಪ ಹೋದಾಗಾದ್ರೂ ಬರಬಹುದಿತ್ತಲ್ಲ?’

‘ಬರಬಹುದಿತ್ತು. ವಾಪಸ್ ಹೋಗೋಕೆ ಆಗ್ತಿರಲಿಲ್ಲ.’

ಫೋನಿನ ಆ ಕಡೆಯಿಂದ ಮಾತಿಲ್ಲ. ಆಮೇಲೆ, ‘ತಹಸೀಲ್ದಾರ್ ಇವತ್ತು ಮೀಟಿಂಗ್‌ಗೆ ಹೋಗಿದ್ದಾರೆ, ನಾಳೆ ಮತ್ತೆ ಹೋಗ್ತೀನಿ’ ಅಂದ. ಅಪ್ಪನ ವಿಷಯಕ್ಕೆ ಅವನು ನನ್ನ ಜೊತೆ ಎಷ್ಟೋ ವರ್ಷ ಮಾತು ಅಷ್ಟಕ್ಕಷ್ಟೇ ಇಟ್ಟುಕೊಂಡಿದ್ದ. ಅವತ್ತಿನಿಂದ ದಿನಾ ಫೋನು. ಎಂಬತ್ತು ದಾಟಿದ ಸೋದರಮಾವನನ್ನು ಆಟೋದಲ್ಲಿ ಕರೆದುಕೊಂಡು ಹೋಗಿ ಛಾಪಾ ಕಾಗದದ ಮೇಲೆ ಸಹಿ ಹಾಕಿಸಿದ. ಮಾವ ನೋಟರಿಗೆ, ಇವಳು ಹುಟ್ಟಿದಾಗ ಸೂಲಗಿತ್ತಿಯನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದವನೇ ನಾನು, ಅದನ್ನೂ ಬರೀರಿ ಅಂತ ಪಟ್ಟು ಹಿಡಿದನಂತೆ. ಬರೆದಿದ್ದಾರೆ. ಅಮೆರಿಕ ಸರ್ಕಾರದ ಕಡತದಲ್ಲಿ ಈಗ ಆ ಸೈಕಲ್ ಇದೆ.

ಎಲ್ಲಕ್ಕಿಂತ ನನ್ನನ್ನು ಸುಸ್ತು ಮಾಡಿದ್ದು ಅಫಿಡವಿಟ್ ಆಫ್ ಸಪೋರ್ಟ್. ಅರ್ಜಿ ಹಾಕುವ ಮಗಳೇ ನಮ್ಮ ಖರ್ಚಿನ ಹೊಣೆ ಹೊರಬೇಕು. ಅವಳ ಆದಾಯ, ಬಡತನದ ರೇಖೆ ಅಂತ ಸರ್ಕಾರ ಪ್ರಕಟಿಸುವ ಮೊತ್ತದ ಶೇ. 125ರಷ್ಟಿರಬೇಕು. ಕಾಲೇಜು ಓದುವ ಹುಡುಗಿಗೆ ಎಲ್ಲಿಂದ ಬರಬೇಕು? ಹಾಗಾದರೆ ಜೊತೆಗೆ ಇನ್ನೊಬ್ಬರು ಸಹಿ ಹಾಕಬೇಕು, ಪ್ರಜೆಯೋ ಗ್ರೀನ್ ಕಾರ್ಡ್ ಇರುವವರೋ. ಸುಮ್ಮನೆ ಸಹಿಯಲ್ಲ. ನಾವು ಪ್ರಜೆಗಳಾಗುವ ತನಕ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ನಮ್ಮ ಲೆಕ್ಕಕ್ಕೆ ಸೇರುವ ತನಕ ಅವರು ಬಾಧ್ಯಸ್ಥರು. ತೆರಿಗೆ ಕಾಗದ, ಸಂಬಳದ ಚೀಟಿ ಎಲ್ಲ ಬಿಚ್ಚಿ ಕೊಡಬೇಕು.

ಅಂದರೆ ಯಾರಿಗಾದರೂ ಹೇಳಬೇಕು. ಇಪ್ಪತ್ತು ವರ್ಷ ಕನ್ನಡ ಕೂಟದ ಯುಗಾದಿ, ರಾಜ್ಯೋತ್ಸವ, ಗಣೇಶನ ಹಬ್ಬ ಎಲ್ಲಕ್ಕೂ ಹೋಗಿದ್ದೇವೆ, ನೂರು ಜನಕ್ಕೆ ಪುಳಿಯೋಗರೆ ಕಲಸಿದ್ದೇನೆ. ‘ನಿಮ್ದು ಗ್ರೀನ್ ಕಾರ್ಡ್ ಆಯ್ತೇನ್ರೀ’ ಅನ್ನುವ ಪ್ರಶ್ನೆ ಬಂದಾಗಲೆಲ್ಲ ಸೌಟು ಹುಡುಕುವ ನೆಪದಲ್ಲಿ ಎದ್ದಿದ್ದೇನೆ. ಆ ಗುಂಪಿನಲ್ಲೇ, ಕಾಗದ ಇಲ್ಲದವರನ್ನೆಲ್ಲ ಮೊದಲು ಓಡಿಸಬೇಕು ಅಂತ ಊಟದ ಸಾಲಿನಲ್ಲಿ ನಿಂತು ಹೇಳುವವರಿದ್ದರು. ಅವರ ಸಿಟ್ಟು ನನಗೆ ಅರ್ಥವಾಗದ್ದೇನಲ್ಲ. ಕೆಲಸದ ಮೇಲೆ ಗ್ರೀನ್ ಕಾರ್ಡ್‌ಗೆ ಕಾಯುವ ಭಾರತೀಯರ ಸಾಲು ಹೇಗಿದೆ ಅಂದರೆ, 2024ರಲ್ಲೂ ಹೆಚ್ಚು ಓದಿದವರ ಇಬಿ-2 ವರ್ಗದಲ್ಲಿ 2012ರಲ್ಲಿ ಹಾಕಿದವರ ಸರದಿ ನಡೆಯುತ್ತಿತ್ತು. ಒಂದು ದಿನವೂ ತಪ್ಪದೆ ಕಾನೂನು ಪಾಲಿಸಿದವರು ಅಲ್ಲಿ ನಿಂತಿದ್ದಾರೆ. ನಮಗೆ ಮಗಳ ಕಡೆಯಿಂದ ಸಾಲೇ ಇಲ್ಲದ ಬಾಗಿಲು. ತಂದೆತಾಯಿಗೆ ವರ್ಷಕ್ಕೆ ಇಷ್ಟೇ ಅನ್ನುವ ಮಿತಿ ಇಲ್ಲ. ಇದು ನ್ಯಾಯ ಅಂತ ನಾನು ಯಾರಿಗೂ ವಾದಿಸಲಾರೆ.

ನನಗೆ ಬಹಳ ಹತ್ತಿರದ ಸ್ನೇಹಿತೆಗೆ ಹೇಳಿದರೆ, ಅವರಿನ್ನೂ ಎಚ್-1ಬಿಯಲ್ಲೇ ಇದ್ದಾರೆ, ಸಹಿ ಹಾಕುವ ಹಕ್ಕೇ ಇಲ್ಲ. ಕೊನೆಗೆ ಒಪ್ಪಿದವರು ನಾನು ಲೆಕ್ಕಕ್ಕೇ ಹಿಡಿಯದಿದ್ದ ಒಬ್ಬರು: ನಾನು ಹಿಂದೆ ನೋಡಿಕೊಂಡ ಮಗುವಿನ ತಂದೆ, ಧಾರವಾಡದ ಕಡೆಯವರು, ಮಾತು ಕಮ್ಮಿ. ಪೂರ್ತಿ ಕೇಳಿ, ‘ನೀವು ಇಷ್ಟು ವರ್ಷ ಹೆಂಗ ಇದ್ರಿ ವೈನಿ?’ ಅಂದರು. ಹೆಂಡತಿಯನ್ನು ಕರೆದು ಟ್ಯಾಕ್ಸ್ ಫೈಲು ತರಲು ಹೇಳಿದರು. ಮುಂದೆ ಒಂದು ಮಾತು ಆಡಲಿಲ್ಲ.

ಶುಲ್ಕ ಆಗ ಮಗಳು ನಮಗಾಗಿ ಹಾಕುವ ಐ-130ಕ್ಕೆ 535 ಡಾಲರ್, ಗ್ರೀನ್ ಕಾರ್ಡ್‌ಗೆ ನಾವು ಹಾಕುವ ಐ-485ಕ್ಕೆ ಬೆರಳಚ್ಚು ಸೇರಿ 1,225. ಇಬ್ಬರಿಗೆ 3,520, ವಕೀಲರದು ಬೇರೆ. ಸರ್ಕಾರ ಗೊತ್ತುಮಾಡಿದ ವೈದ್ಯರ ಹತ್ತಿರ ತಪಾಸಣೆ, ಲಸಿಕೆ, ಮೊಹರು ಮಾಡಿದ ಲಕೋಟೆ. ಬೆರಳಚ್ಚಿನ ದಿನ ನನ್ನ ಹೆಬ್ಬೆರಳು ಯಂತ್ರಕ್ಕೆ ಹಿಡಿಸಲಿಲ್ಲ, ಪಾತ್ರೆ ತಿಕ್ಕಿ ಗೆರೆ ಸವೆದಿದೆ ಅಂದೆ, ಆ ಹುಡುಗಿ ಒದ್ದೆ ಬಟ್ಟೆ ಕೊಟ್ಟು ಮತ್ತೆ ಒತ್ತಿಸಿದಳು. ಅರ್ಜಿದಾರಳ ಸಹಿಯ ಜಾಗದಲ್ಲಿ ಮಗಳು ಸಹಿ ಹಾಕುವಾಗ, ‘ಈಗ ನನ್ನ ಮಾತು ಕೇಳ್ಬೇಕು ಇಬ್ರೂ’ ಅಂದಳು. ನಗಾಡಿದೆವು. ಆದರೆ ಆ ತಿಂಗಳುಗಳಲ್ಲಿ ಮನೆಯೊಳಗೆ ಏನೋ ಮಗುಚಿದ್ದು ನಿಜ. ಇವರು ಯಾವ ಕಾಗದ ಬಂದರೂ ಮೊದಲು ಅವಳ ಕೈಗೆ ಕೊಡುತ್ತಿದ್ದರು. ಮಗ ಮಾತ್ರ ಪ್ರತಿ ಫಾರಂನ ಪ್ರತಿ ಸಾಲನ್ನೂ ರಾತ್ರಿ ಕೂತು ತಿದ್ದುತ್ತಿದ್ದ. ಅವನಿಗೆ ಡಾಕಾ ನವೀಕರಿಸಿ ನವೀಕರಿಸಿ ಈ ವಿದ್ಯೆ ಬಾಯಿಪಾಠ. ಆ ಕಂತೆಯಲ್ಲಿ ಅವನ ಹೆಸರು ಬರುತ್ತಿದ್ದದ್ದು ‘ನಿಮ್ಮ ಮಕ್ಕಳು’ ಎನ್ನುವ ಪುಟದಲ್ಲಿ ಮಾತ್ರ.

ಅರ್ಜಿ ಬಾಕಿ ಇರುವಾಗಲೇ, ವಾಪಸ್ ಬರಲು ಮೊದಲೇ ಕೊಡುವ ಅಡ್ವಾನ್ಸ್ ಪೆರೋಲ್ ಎನ್ನುವ ಅನುಮತಿ ತೆಗೆದುಕೊಂಡು ಊರಿಗೆ ಹೋಗಿ ಬರಬಹುದು ಅಂದರು ವಕೀಲರು. ಹಾಗೆ ಹೋಗಿ ಬಂದರೆ ಹತ್ತು ವರ್ಷದ ನಿಷೇಧ ಬೀಳುವುದಿಲ್ಲ ಅಂತ ಇಮಿಗ್ರೇಷನ್ ಮೇಲ್ಮನವಿ ಮಂಡಳಿ 2012ರಲ್ಲಿ ತೀರ್ಪು ಕೊಟ್ಟಿದೆ. ಆ ಪ್ರಕರಣ ಅರ್ರಬಳ್ಳಿ, ಎರ್ರಬೆಲ್ಲಿ ಎಂಬ ಭಾರತೀಯ ದಂಪತಿಯದೇ, ವಯಸ್ಸಾದ ತಂದೆತಾಯಿಯನ್ನು ನೋಡಲು ಹೋಗಿದ್ದವರು. ನಾನು ಆ ತೀರ್ಪನ್ನು ಮಗನಿಂದ ಓದಿಸಿ ಕೇಳಿದೆ. ಇವರು, ‘ಗ್ರೀನ್ ಕಾರ್ಡ್ ಕೈಗೆ ಬರಲಿ, ಆಮೇಲೆ’ ಅಂದರು. ಇಷ್ಟು ವರ್ಷ ಕೂತವರು, ದಡದ ಹತ್ತಿರ ಬಂದು ದೋಣಿ ಅಲ್ಲಾಡಿಸುವುದು ಬೇಡ ಅಂತ ಸುಮ್ಮನಾದೆ.

ಸಂದರ್ಶನ 2024ರಲ್ಲಿ ಬಂತು. ಇವರು ಹಿಂದಿನ ರಾತ್ರಿ ಶೇವ್ ಮಾಡಿ ಬೆಳಗ್ಗೆ ಇನ್ನೊಮ್ಮೆ ಮಾಡಿದರು. ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಅಧಿಕಾರಿ ನಮ್ಮದೇ ವಯಸ್ಸಿನ ಹೆಂಗಸು, ಕೈಯಲ್ಲಿ ಕೆಂಪು ಪೆನ್ನು. ಕಮ್ಯುನಿಸ್ಟ್ ಪಕ್ಷದಲ್ಲಿ ಇದ್ದಿರಾ, ನರಮೇಧದಲ್ಲಿ ಪಾಲ್ಗೊಂಡಿದ್ದೀರಾ, ಇಲ್ಲಿ ಒಬ್ಬರಿಗಿಂತ ಹೆಚ್ಚು ಹೆಂಡತಿಯರನ್ನು ಮಾಡಿಕೊಳ್ಳುವ ಉದ್ದೇಶವಿದೆಯೇ ಅಂತೆಲ್ಲ ಇವರನ್ನು ಕೇಳಿದಾಗ, ಪ್ರತಿಯೊಂದಕ್ಕೂ ಶಾಲೆಯ ಹುಡುಗನ ಹಾಗೆ ನೆಟ್ಟಗೆ ಕೂತು ‘ನೋ ಮೇಡಂ’ ಅಂದರು. ಅನುಮತಿ ಇಲ್ಲದೆ ಕೆಲಸ ಮಾಡಿದ್ದೀರಾ ಅಂದಾಗ ‘ಯೆಸ್ ಮೇಡಂ’. ಎಷ್ಟು ಕಾಲ? ಇವರು ಅಂಗಡಿಯ ಲೆಕ್ಕ ಒಪ್ಪಿಸುವವರ ಹಾಗೆ ವರ್ಷಗಳನ್ನು ಹೇಳತೊಡಗಿದರು. ಆಕೆ ಅರ್ಧಕ್ಕೆ ತಡೆದು, ತೆರಿಗೆ ಕಾಗದಗಳ ಕಟ್ಟನ್ನು ಹೆಬ್ಬೆರಳಿನಿಂದ ಸರಸರ ತಿರುವಿ, ಪಕ್ಕಕ್ಕಿಟ್ಟು ಕೆಂಪು ಗುರುತು ಹಾಕಿದರು. ಇಷ್ಟು ವರ್ಷ ನಿದ್ದೆಗೆಡಿಸಿದ ಪ್ರಶ್ನೆ ಅಷ್ಟರಲ್ಲಿ ಮುಗಿಯಿತು.

ಕಾರ್ಡು ಅಂಚೆಯಲ್ಲಿ ಬಂತು. ಅದರ ಮೇಲೆ ವರ್ಗ ಅಂತ ‘ಐಆರ್0’ ಎಂದಿದೆ, ಅಮೆರಿಕದ ಪ್ರಜೆಯೊಬ್ಬರ ತಂದೆ ಅಥವಾ ತಾಯಿ. ಆ ವರ್ಷದ ಕೊನೆಗೆ ಊರಿಗೆ ಹೋದೆವು, ಮಗಳೂ ಬಂದಳು. ಆ ಪ್ರಯಾಣದ ಬಗ್ಗೆ ಬರೆಯಲು ಹೊರಟರೆ ಇದು ಮುಗಿಯುವುದಿಲ್ಲ. ಒಂದು ಮಾತ್ರ ಹೇಳುತ್ತೇನೆ. ಅಮ್ಮ ಮೊಮ್ಮಗಳ ಕೆನ್ನೆ ಸವರಿ, ನಮ್ಮ ಹಿಂದೆ ಬಾಗಿಲ ಕಡೆ ನೋಡಿ, ‘ಅವನೆಲ್ಲೇ?’ ಅಂದಳು. ಮೂರು ವರ್ಷ ಕಂಕುಳಲ್ಲಿ ಎತ್ತಿಕೊಂಡು ಆಡಿಸಿದ್ದು ಅವನನ್ನು. ‘ಅವನಿಗೆ ರಜೆ ಸಿಗಲಿಲ್ಲಮ್ಮ’ ಅಂದೆ.

ಅವನ ವಿಷಯಕ್ಕೆ ಬರುತ್ತೇನೆ. ಮಗಳು ತಂದೆತಾಯಿಗೆ ಹಾಕಿದ ಅರ್ಜಿಯಲ್ಲಿ ಅವರ ಇತರ ಮಕ್ಕಳು ಸೇರುವುದಿಲ್ಲ. ತಂಗಿ ಅಣ್ಣನಿಗೆ ಬೇರೆಯೇ ಹಾಕಬಹುದು, ಆದರೆ ಆ ವರ್ಗದಲ್ಲಿ 2024ರಲ್ಲಿ ಭಾರತದವರ ಪಾಲಿಗೆ 2005–06ರಲ್ಲಿ ಹಾಕಿದವರ ಸರದಿ ಬಂದಿತ್ತು. ಗ್ರೀನ್ ಕಾರ್ಡ್ ಇರುವ ತಾಯಿಯಾಗಿ ನಾನು ಹಾಕಿದರೆ ಸಾಲು ಸುಮಾರು ಎಂಟು ವರ್ಷದ್ದು, ಷರತ್ತು ಒಂದೇ: ಅವನು ಮದುವೆಯಾಗಬಾರದು. ಸರದಿ ಬಂದಾಗಲೂ ಇಲ್ಲೇ ಕಾರ್ಡ್ ಸಿಗುವುದಿಲ್ಲ, ಮುಂಬೈಗೆ ಹೋಗಿ ವೀಸಾ ತರಬೇಕು. ಹದಿನೆಂಟು ತುಂಬುವ ಮೊದಲೇ ಡಾಕಾ ಸಿಕ್ಕಿದ್ದರಿಂದ ಅವನ ಮೇಲೆ ಹತ್ತು ವರ್ಷದ ನಿಷೇಧ ಬೀಳುವುದಿಲ್ಲ ಎನ್ನುವುದೊಂದೇ ಸಮಾಧಾನ. ಅವನ ಕಂಪನಿ ಎಚ್-1ಬಿ ಲಾಟರಿಗೂ ಹೆಸರು ಹಾಕಿತ್ತು, ಬರಲಿಲ್ಲ. ಪ್ರಜೆಯಾದ ಹುಡುಗಿಯನ್ನು ಮದುವೆಯಾದರೆ ನಮ್ಮ ಹಾಗೆ ಅವನಿಗೂ ಇಲ್ಲೇ ಎಲ್ಲ ಸಲೀಸು. ಅದನ್ನು ಅವನಿಗೆ ಸೂಚಿಸಿದವರು ಊರಿಗೊಬ್ಬರಿದ್ದಾರೆ.

ಅವನು ಮೆಚ್ಚಿದ್ದು ದಾವಣಗೆರೆಯ ಹುಡುಗಿಯನ್ನು. ಅವಳು ಎಚ್-1ಬಿ, ಅವಳೂ ಆ ದೊಡ್ಡ ಸಾಲಿನ ಕೊನೆಯಲ್ಲಿ. ಅವಳ ತಂದೆ ಫೋನ್ ಮಾಡಿ, ‘ಹುಡುಗನ ಸ್ಟೇಟಸ್ ಏನು?’ ಅಂತ ಕೇಳಿದಾಗ ನಾನು ಬಾಯಿ ತೆಗೆಯುವ ಮೊದಲೇ ಮಗ ಸ್ಪೀಕರ್ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದ. ನಾವು ಬಂದ ವರ್ಷದಿಂದ ಹಿಡಿದು, ಡಾಕಾ ಯಾವ ಕೋರ್ಟಿನಲ್ಲಿ ಯಾವ ಹಂತದಲ್ಲಿದೆ ಅನ್ನುವ ತನಕ. ಅವರು ಕೆಇಬಿಯಲ್ಲಿದ್ದು ನಿವೃತ್ತರಾದವರು. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲಿಗೆ ಬಂದು ಮದುವೆ ಮಾಡ್ಕೊಳ್ಳೋಕೆ ಆಗೋದಿಲ್ಲ ಅನ್ನಿ’ ಅಂದರು. ಆಗುವುದಿಲ್ಲ ಅಂದೆವು. ‘ಹಾಗಾದ್ರೆ ನಾವೇ ವಿಸಿಟರ್ ವೀಸಾಕ್ಕೆ ನೋಡ್ಬೇಕು, ಅಪಾಯಿಂಟ್‌ಮೆಂಟು ಯಾವಾಗ ಸಿಗುತ್ತೋ’ ಅಂದರು.

ಅಷ್ಟರಲ್ಲಿ ನಾನು ಮಗನಿಗಾಗಿ ಐ-130 ಆನ್‌ಲೈನಿನಲ್ಲಿ ಹಾಕಿಯಾಗಿತ್ತು, ಶುಲ್ಕ ಏರಿ 625 ಡಾಲರ್ ಆಗಿತ್ತು. ಮದುವೆ ನೋಂದಣಿಯಾದ ದಿನವೇ ಅದು ರದ್ದಾಗುತ್ತದೆ, ಹಣ ವಾಪಸ್ ಬರುವುದಿಲ್ಲ. ವಕೀಲರು, ನಿಮಗೆ ಪ್ರಜೆತನ ಸಿಗುವ ತನಕವಾದರೂ ಮದುವೆ ಮುಂದೂಡಿ, ಆಗ ಬೇರೆ ವರ್ಗಕ್ಕೆ ಬದಲಾಗುತ್ತದೆ ಅಂದರು. ಅದಕ್ಕೆ ಐದು ವರ್ಷ. ಮಗನಿಗೆ ಹೇಳಿದೆ. ‘ನೀವು ಒಂದು ಹಬ್ಬ ಆಗ್ಲಿ, ಇನ್ನೊಂದು ವರ್ಷ ಆಗ್ಲಿ ಅಂತ ಕಾದ್ರಲ್ಲ ಅಮ್ಮ, ನನ್ನ ಕೈಲಿ ಆಗಲ್ಲ’ ಅಂದ. ಹುಡುಗಿಯ ತಂದೆತಾಯಿಗೆ ಚೆನ್ನೈನಲ್ಲಿ ವೀಸಾ ಸಂದರ್ಶನ ಸಿಕ್ಕಿದೆ. ಆಹ್ವಾನದ ಪತ್ರ ನನ್ನ ಹೆಸರಿನಲ್ಲೇ ಹೋಗಲಿ ಅಂತ ಮಗಳು ಬರೆಯುತ್ತಿದ್ದಾಳೆ, ಕೆಳಗೆ ನನ್ನ ಗ್ರೀನ್ ಕಾರ್ಡ್ ನಂಬರ್ ಹಾಕಿ.